ಹತ್ತು ಗಂಟೆ ಓದೋ ಹುಡುಗರಿಗೆ ಬಿಡ್ರಿ

ಪ್ರತಿ ವರ್ಷ ಬೇಸಿಗೆ ಬಂತೆಂದರೆ ಬೆಂಗಳೂರಿನಿಂದ ಒಂದು ಆದೇಶ ಹೊರಡುತ್ತದೆ. ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿ, ಜೊತೆಗೆ ವಿಜಯಪುರ ಮತ್ತು ಬಾಗಲಕೋಟೆಯಲ್ಲಿ, ಏಪ್ರಿಲ್ ಮತ್ತು ಮೇ ತಿಂಗಳು ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ಕ್ಕೆ ಶುರುವಾಗಿ ಮಧ್ಯಾಹ್ನ 1:30ಕ್ಕೆ ಮುಗಿಯತಕ್ಕದ್ದು. ನಮ್ಮ ಟೀಮಿನ ದಕ್ಷಿಣದ ಗೆಳೆಯರಿಗೆ ಇದನ್ನು ಹೇಳಿದರೆ ನಗುತ್ತಾರೆ. "ಹಾಫ್ ಡೇ ಮಾರಾಯ ನಿಮ್ದು" ಅನ್ನುತ್ತಾರೆ. ಮೇ ತಿಂಗಳ ಮಧ್ಯಾಹ್ನ ಮೂರಕ್ಕೆ ಸೇಡಂ ರಸ್ತೆಯಲ್ಲಿ ಆಟೋ ಕಾಯುತ್ತಾ ನಿಂತವರು ಯಾರೂ ನಗುವುದಿಲ್ಲ.

ಈ ಆದೇಶದ ಬಗ್ಗೆ ನನ್ನದೇನೂ ತಕರಾರಿಲ್ಲ. ನನಗೆ ಅದರಲ್ಲಿ ಕಾಣುವುದು ಬೇರೆ ಸಂಗತಿ. ಕಚೇರಿಯ ಹೊತ್ತು ಶಿಲಾಶಾಸನವಲ್ಲ. ಒಂದು ಹಾಳೆ, ಒಂದು ಸಹಿ, ಒಂದು ಸೀಲು. ಅಷ್ಟಕ್ಕೇ ಇಷ್ಟೆಲ್ಲ ಜಿಲ್ಲೆಗಳ ಗಡಿಯಾರ ಎರಡು ತಾಸು ಸರಿಯುತ್ತದೆ. ಆಕಾಶ ಕಳಚಿ ಬೀಳುವುದಿಲ್ಲ. ಫೈಲು ಮೊದಲು ಎಷ್ಟು ನಿಧಾನ ಓಡುತ್ತಿತ್ತೋ ಅಷ್ಟೇ ನಿಧಾನ ಓಡುತ್ತದೆ.

ಹಾಗಿದ್ದ ಮೇಲೆ ಜೂನ್‌ನಿಂದ ಮಾರ್ಚ್‌ವರೆಗೆ, ಬೆಳಿಗ್ಗೆ 9ರಿಂದ 10:15ರ ನಡುವೆ, ಇದೇ ಊರಿನ ಬಸ್ಸುಗಳಲ್ಲಿ ಜನ ಒಬ್ಬರ ಮೇಲೊಬ್ಬರು ಬಿದ್ದು ಹೋಗುವಾಗ ಅದೇ ಗಡಿಯಾರ ಯಾಕೆ ಕಲ್ಲಾಗಿಬಿಡುತ್ತದೆ? ಬಿಸಿಲಿಗೆ ಇರುವ ಮರ್ಯಾದೆ ಮನುಷ್ಯರಿಗೆ ಇಲ್ಲೇನು?

ಗೊತ್ತಿಲ್ಲದವರಿಗಾಗಿ ಸೇಡಂ ರಸ್ತೆಯ ಪರಿಚಯ ಮಾಡಿಕೊಡುತ್ತೇನೆ. ಜಿಮ್ಸ್ ಆಸ್ಪತ್ರೆ ಈ ರಸ್ತೆಗೇ. ಇಎಸ್‌ಐಸಿ ವೈದ್ಯಕೀಯ ಕಾಲೇಜು, ಅದರ ದೊಡ್ಡ ಆಸ್ಪತ್ರೆ ಈ ರಸ್ತೆಗೇ. 1980ರಲ್ಲಿ ಶುರುವಾದ ಗುಲಬರ್ಗಾ ವಿಶ್ವವಿದ್ಯಾಲಯದ ಜ್ಞಾನಗಂಗಾ ಆವರಣ ಈ ರಸ್ತೆಗೇ. 2019ರ ನವೆಂಬರ್‌ನಲ್ಲಿ ಉದ್ಘಾಟನೆಯಾದ ವಿಮಾನ ನಿಲ್ದಾಣಕ್ಕೂ ಇದೇ ದಾರಿ. ನಡುನಡುವೆ ಶಾಲೆ, ಕಾಲೇಜು, ಕೋಚಿಂಗ್ ಸೆಂಟರು, ಬ್ಯಾಂಕು, ಲ್ಯಾಬು, ಮೆಡಿಕಲ್ ಶಾಪು. ಇನ್ನೂ ಮುಂದೆ ಹೋದರೆ ಮಳಖೇಡ, ಸೇಡಂ ಕಡೆಯ ಸಿಮೆಂಟ್ ಕಾರ್ಖಾನೆಗಳು. ಅಲ್ಲಿ ಗೂಡು ಆರುವಂತಿಲ್ಲ, ಹಾಗಾಗಿ ಜನ ಪಾಳಿಯಲ್ಲಿ ಬರುತ್ತಾರೆ, ಪಾಳಿಯಲ್ಲಿ ಹೋಗುತ್ತಾರೆ. ಅಂದರೆ ಈ ರಸ್ತೆಯ ಆ ತುದಿಯಲ್ಲಿ ದಿನವನ್ನು ಯಾವತ್ತೋ ತುಂಡು ಮಾಡಿ ಹಂಚಿಕೊಂಡಿದ್ದಾರೆ. ಈ ತುದಿಯಲ್ಲಿ, ಓದಿದವರು, ಡಿಗ್ರಿ ಇದ್ದವರು, ಡಾಕ್ಟರೇಟು ಕೊಡುವವರು ಇರುವ ಈ ತುದಿಯಲ್ಲಿ, ಎಲ್ಲರಿಗೂ ಹತ್ತು ಗಂಟೆಯೇ ಬೇಕು.

ನನ್ನ ಅಕ್ಕನ ಮಗಳು ಕಮಲಾಪುರದ ಆಚೆಯ ನಮ್ಮ ಹಳ್ಳಿಯಿಂದ ದಿನಾ ಕಲಬುರಗಿಗೆ ಬರುತ್ತಾಳೆ. ಬಿಎಸ್ಸಿ ಎರಡನೇ ವರ್ಷ. ಊರಿಂದ ಏಳೂವರೆಯ ಬಸ್ಸು, ಇಲ್ಲಿ ಬಸ್ ಸ್ಟ್ಯಾಂಡಿನಲ್ಲಿ ಇಳಿದು ಇನ್ನೊಂದು ಬಸ್ಸು. ಮೊದಲ ನಲವತ್ತು ಕಿಲೋಮೀಟರ್ ಹೇಗೋ ಆಗುತ್ತದೆ. ಕೊನೆಯ ಐದಾರು ಕಿಲೋಮೀಟರ್ ಜೀವ ಹಿಂಡುತ್ತದೆ. ಮೊದಲು ಬಂದ ಬಸ್ಸಿಗೆ ಕಾಲಿಡಲಿಕ್ಕೆ ಆಗುವುದಿಲ್ಲ. ಎರಡನೆಯದರಲ್ಲಿ ಮೆಟ್ಟಿಲು ಸಿಗುತ್ತದೆ. ಕಂಡಕ್ಟರ್ ಪಾಪ "ಒಳಗ ಸರೀರಿ, ಒಳಗ ಖಾಲಿ ಅದ" ಅಂತ ಗಂಟಲು ಹರಿದುಕೊಳ್ಳುತ್ತಾನೆ. "ಎಲ್ಲದ ಮಾಮಾ ಖಾಲಿ? ನನ್ನ ಬ್ಯಾಗ್ ಒಂದ್ ಕಡಿ, ನಾ ಒಂದ್ ಕಡಿ" ಅಂತ ಅವಳು ನಗುತ್ತಾ ಹೇಳುತ್ತಾಳೆ. ಗುಂಪಿನಲ್ಲಿ ಒಬ್ಬ ಹುಡುಗಿ ಇನ್ನೇನೇನು ಸಹಿಸುತ್ತಾಳೆ ಎಂಬುದನ್ನು ಅವಳು ಹೇಳುವುದಿಲ್ಲ, ನಾನು ಕೇಳುವುದೂ ಇಲ್ಲ. ಓದುವ ನಿಮಗೆ ಬಿಡಿಸಿ ಹೇಳಬೇಕಿಲ್ಲ.

ಡ್ರೈವರ್ ಮೇಲೆ, ಕಂಡಕ್ಟರ್ ಮೇಲೆ ಸಿಟ್ಟು ಮಾಡಿ ಏನೂ ಉಪಯೋಗವಿಲ್ಲ. ಬಸ್ಸು ರಬ್ಬರಿನದಲ್ಲ. ಆದರೆ ಹೋದ ವರ್ಷ ಅಕ್ಕ ಫೋನ್ ಮಾಡಿ, "ಸಾಕ್ ಬಿಡಪ್ಪ, ಹುಡುಗಿ ದಿನಾ ಹಿಂಗ ನೂಕಾಡ್ಕೋತ ಹೋಗೋದು ಬ್ಯಾಡ" ಅಂದಳು. ನಮ್ಮ ಕಡೆ ಹುಡುಗಿಯರ ಓದು ನಿಲ್ಲುವುದು ಫೇಲಾಗಿ ಅಲ್ಲ, ಇಂಥ ಒಂದು ಫೋನ್ ಕಾಲ್‌ನಲ್ಲಿ. ಆ ಸಲ ಹೇಗೋ ಒಪ್ಪಿಸಿದೆ. ಎಲ್ಲ ಹುಡುಗಿಯರಿಗೂ ಸಾಫ್ಟ್‌ವೇರ್ ಮಾಮ ಇರುವುದಿಲ್ಲ.

ಇನ್ನು ನನ್ನ ವಿಷಯ. ನಾನು ಇದೇ ಸೇಡಂ ರಸ್ತೆಯ ಒಳಗಿನ ಒಂದು ಕಾಲೊನಿಯಲ್ಲಿ ಬಾಡಿಗೆ ಮನೆಯಲ್ಲಿ ಕುಳಿತು, ನೋಡಿರದ ಊರಿನ ಗಿರಾಕಿಗಳಿಗೆ ಕೋಡ್ ಬರೆಯುತ್ತೇನೆ. ಲಾಗಿನ್ ಮಧ್ಯಾಹ್ನ ಹನ್ನೆರಡರ ಮೇಲೆ. ಅಪರೂಪಕ್ಕೆ ಹೊರಗೆ ಹೋಗಬೇಕಾದರೆ ಹನ್ನೊಂದೂವರೆಯ ಬಸ್ಸಿನಲ್ಲಿ ಹೋಗುತ್ತೇನೆ. ಕಾಲು ಚಾಚಿ ಕೂರಬಹುದು. ಅದೇ ರೂಟು, ಅದೇ ನಂಬರಿನ ಬಸ್ಸು. ನಮ್ಮ ಕಾಲದ ವಿಚಿತ್ರ ನೋಡಿ, ಹೊತ್ತನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯ ಇರುವುದು ಬಸ್ಸೇ ಬೇಡದ ನನಗೆ. ಬಸ್ಸಿಲ್ಲದೆ ಗತಿಯಿಲ್ಲದ ಅವಳಿಗೆ ಐದು ನಿಮಿಷದ ಸಡಿಲವೂ ಇಲ್ಲ.

"ಎಲ್ಲಾ ಶಕ್ತಿ ಯೋಜನೆಯಿಂದ ಆದದ್ದು, ಹೆಣ್ಮಕ್ಕಳಿಗೆ ಫ್ರೀ ಕೊಟ್ಟು ಬಸ್ ತುಂಬಿಸಿದ್ರು" ಅನ್ನುವವರಿಗೆ ಮೇಲಿನ ಹನ್ನೊಂದೂವರೆಯ ಬಸ್ಸೇ ಉತ್ತರ. ಶಕ್ತಿ ಶುರುವಾದದ್ದು 2023ರ ಜೂನ್ 11ಕ್ಕೆ. ಅದು ದಿನವಿಡೀ ಜಾರಿಯಲ್ಲಿರುತ್ತದೆ, ಒಂಬತ್ತೂವರೆಗೆ ಮಾತ್ರ ಅಲ್ಲ. ಹೆಣ್ಣುಮಕ್ಕಳ ಪ್ರಯಾಣ ಹೆಚ್ಚಿತು, ನಿಜ, ಹೆಚ್ಚಬೇಕಾದದ್ದೇ. ಆದರೆ ಒಂದೇ ಬಸ್ಸು ಹತ್ತಕ್ಕೆ ಉಸಿರುಗಟ್ಟಿ, ಹನ್ನೊಂದೂವರೆಗೆ ಖಾಲಿ ಓಡುತ್ತದೆ ಅಂದರೆ ರೋಗ ಟಿಕೆಟಿನಲ್ಲಿ ಇಲ್ಲ, ಗಡಿಯಾರದಲ್ಲಿದೆ. ನಲವತ್ತು ವರ್ಷದ ಹಿಂದೆ, ಫ್ರೀ ಇಲ್ಲದ ಕಾಲದಲ್ಲೂ ಹತ್ತರ ಬಸ್ಸಿಗೆ ಜೋತುಬಿದ್ದೇ ಹೋದವರು ನಮ್ಮಪ್ಪಂದಿರು.

"ಇನ್ನಷ್ಟು ಬಸ್ಸು ಬಿಡಲಿ" ಎಂಬ ಮಾತಿಗೆ ನನ್ನ ವಿರೋಧವಿಲ್ಲ. ಬಿಡಲಿ. ಆದರೆ ಒಂದು ತಾಸಿನ ನೂಕುನುಗ್ಗಲಿಗೆಂದು ಕೊಂಡ ಬಸ್ಸು ಉಳಿದ ಹೊತ್ತು ಡಿಪೋದಲ್ಲಿ ಬಿಸಿಲು ಕಾಯಿಸುತ್ತಾ ನಿಲ್ಲುತ್ತದೆ. ಅದರ ಡ್ರೈವರಿಗೆ, ಕಂಡಕ್ಟರಿಗೆ ದಿನದ ಪಗಾರ ಕೊಡಲೇಬೇಕು. ಅದೇ ದುಡ್ಡಿಗೆ ಇನ್ನೊಂದು ಲೆಕ್ಕ ನೋಡಿ. ಸಿಟಿ ಬಸ್ಸು ಸ್ಟ್ಯಾಂಡಿನಿಂದ ಯುನಿವರ್ಸಿಟಿಗೆ ಹೋಗಿ ವಾಪಸ್ ಬರಲು ಹೆಚ್ಚುಕಡಿಮೆ ಒಂದು ತಾಸು ಅಂತ ಹಿಡಿಯಿರಿ. ಜನ ಎಲ್ಲರೂ ಹತ್ತಕ್ಕೇ ತಲುಪಬೇಕೆಂದರೆ ಆ ಬಸ್ಸು ಒಂದೇ ಸಲ ಉಪಯೋಗಕ್ಕೆ ಬರುತ್ತದೆ. ಒಂಬತ್ತಕ್ಕೆ ಒಂದು ಗುಂಪು, ಹತ್ತಕ್ಕೆ ಒಂದು ಗುಂಪು, ಹನ್ನೊಂದಕ್ಕೆ ಒಂದು ಗುಂಪು ಎಂದಾದರೆ ಅದೇ ಬಸ್ಸು, ಅದೇ ಡ್ರೈವರ್, ಮೂರು ಸಲ. ಹೊಸ ಬಸ್ಸಿನ ಟೆಂಡರ್ ಬೇಡ, ಉದ್ಘಾಟನೆಗೆ ಮಂತ್ರಿ ಬೇಡ. ಬಹುಶಃ ಅದಕ್ಕೇ ಯಾರಿಗೂ ಇದರಲ್ಲಿ ಆಸಕ್ತಿಯಿಲ್ಲ.

ನಮ್ಮ ಕಸುಬಿನಲ್ಲಿ ಇದು ಎಳೆ ಮಕ್ಕಳ ಪಾಠ. ನೂರು ಜಾಬ್‌ಗಳನ್ನು ರಾತ್ರಿ ಸರಿಯಾಗಿ ಹನ್ನೆರಡಕ್ಕೇ ಓಡುವಂತೆ ಶೆಡ್ಯೂಲ್ ಮಾಡಿದರೆ ಸರ್ವರ್ ಮಕಾಡೆ ಮಲಗುತ್ತದೆ. ಅನುಭವಸ್ಥರು ಬಂದು ಬೈದು, ಒಂದೊಂದು ಜಾಬ್ ಅನ್ನು ಸ್ವಲ್ಪ ಸ್ವಲ್ಪ ಸರಿಸಿ ಇಡುತ್ತಾರೆ. ಅದೇ ಸರ್ವರ್, ಅದೇ ಕೆಲಸ, ಸದ್ದಿಲ್ಲದೆ ಮುಗಿಯುತ್ತದೆ. ಸರ್ಕಾರಕ್ಕೆ ಇದು ಗೊತ್ತಿಲ್ಲವೇ? ಚೆನ್ನಾಗಿ ಗೊತ್ತಿದೆ. ತತ್ಕಾಲ್ ಟಿಕೆಟ್ ಬುಕ್ ಮಾಡಿದ್ದೀರಲ್ಲ? 2015ರಿಂದ ಎಸಿ ದರ್ಜೆಗೆ ಬೆಳಿಗ್ಗೆ 10, ಸ್ಲೀಪರ್‌ಗೆ 11. ಎಲ್ಲರೂ ಒಟ್ಟಿಗೆ ನುಗ್ಗಿದರೆ ವೆಬ್‌ಸೈಟ್ ಬೀಳುತ್ತದೆಂದು ರೈಲ್ವೆಯವರು ಜನರನ್ನು ಎರಡು ಹೊತ್ತಿಗೆ ಹಂಚಿದರು. ಯಂತ್ರಕ್ಕೆ ಭಾರವಾಗಬಾರದೆಂದು ಇಷ್ಟು ಕಾಳಜಿ. ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿನಲ್ಲಿ ನಿಂತ ಹುಡುಗಿಯ ಭಾರ ಯಾರ ಲೆಕ್ಕದಲ್ಲೂ ಇಲ್ಲ.

ಇಲ್ಲಿ ಒಂದು ಸೂಕ್ಷ್ಮವಿದೆ. ಬೇಸಿಗೆ ಆದೇಶ ಗಡಿಯಾರವನ್ನು ಸರಿಸುತ್ತದೆಯೇ ಹೊರತು ಗುಂಪನ್ನು ಒಡೆಯುವುದಿಲ್ಲ. ಹತ್ತಕ್ಕೆ ಬರುತ್ತಿದ್ದ ಅಷ್ಟೂ ನೌಕರರನ್ನು ಎತ್ತಿ ಎಂಟಕ್ಕೆ ಇಡುತ್ತದೆ. ಬಿಸಿಲಿನಿಂದ ತಪ್ಪಿಸಿಕೊಳ್ಳಲು ಅಷ್ಟು ಸಾಕು. ನೂಕುನುಗ್ಗಲಿಗೆ ಸಾಲದು, ಅಲ್ಲಿ ಬೇಕಾದದ್ದು ಸರಿಸುವುದಲ್ಲ, ಹಂಚುವುದು. ಹಂಚುವುದೆಂದ ಕೂಡಲೇ ಬರುವ ಪ್ರಶ್ನೆ, ಯಾರು ಜಾಗ ಬಿಡಬೇಕು? ಇಲ್ಲೇ ಎಲ್ಲರೂ ಎಡವುವುದು.

ಬೆಂಗಳೂರಿನಲ್ಲಿ ಏನಾಯಿತು? 2023ರಲ್ಲಿ ಟ್ರಾಫಿಕ್ ಬಗ್ಗೆ ಹೈಕೋರ್ಟಿನ ಸೂಚನೆ ಬಂದಾಗ ಮೊದಲು ಚರ್ಚೆಗೆ ಬಂದದ್ದು ಶಾಲೆಗಳ ಸಮಯ. ಮಕ್ಕಳನ್ನು ಇನ್ನೂ ಬೇಗ ಎಬ್ಬಿಸಿ ಕಳಿಸಿ, ರಸ್ತೆ ಖಾಲಿಯಾಗುತ್ತದೆ ಅಂತ. ಪೋಷಕರು, ಶಾಲೆಯವರು, ವ್ಯಾನಿನವರು ಎಲ್ಲರೂ ಬೇಡ ಅಂದರು, ವಿಷಯ ಅಲ್ಲಿಗೇ ಬಿತ್ತು. ಬೀಳಬೇಕಾದದ್ದೇ. ಬೆಂಗಳೂರಿನ ರಸ್ತೆ ತುಂಬಿಸಿದ್ದು ಆರು ವರ್ಷದ ಮಗುವಲ್ಲ, ಒಬ್ಬನೇ ಕಾರಿನಲ್ಲಿ ಕುಳಿತು ಹೋಗುವ ನನ್ನಂಥ ಇಂಜಿನಿಯರು. ನಮ್ಮವರನ್ನು ಕೇಳಿದ್ದು ಆಮೇಲೆ, ಅದೂ ವಿನಂತಿಯ ರೂಪದಲ್ಲಿ. 2025ರಲ್ಲಿ ಹೊರವರ್ತುಲ ರಸ್ತೆಯ ಕಂಪನಿಗಳಿಗೆ ಟ್ರಾಫಿಕ್ ಪೊಲೀಸರು, ಬುಧವಾರ ಮನೆಯಿಂದ ಕೆಲಸ ಮಾಡಿಸಿ, ಕೆಲಸದ ಹೊತ್ತನ್ನು ಬೆಳಿಗ್ಗೆ 7:30ಕ್ಕೇ ಶುರು ಮಾಡಿ ಎಂದು ಸಲಹೆ ಕೊಟ್ಟರು. ಸಲಹೆ ಅಂದರೆ ನಮ್ಮ ದೇಶದಲ್ಲಿ ಏನು ಬೆಲೆ ಅಂತ ಹೆಲ್ಮೆಟ್ ಇಲ್ಲದ ತಲೆಗಳನ್ನು ಕೇಳಿ.

ಬರೀ ವಿನಂತಿ ಎಲ್ಲೂ ನಡೆಯುವುದಿಲ್ಲ, ಶಿಸ್ತಿಗೆ ಹೆಸರಾದ ಜಪಾನಿನಲ್ಲೂ. ಟೋಕಿಯೊದ ಗವರ್ನರ್ ಯುರಿಕೊ ಕೊಯಿಕೆ 2017ರ ಜುಲೈನಲ್ಲಿ 'ಜಿಸಾ ಬಿಜ್' ಎಂಬ ಅಭಿಯಾನ ಶುರು ಮಾಡಿದರು. ಕಂಪನಿಗಳೇ, ನೌಕರರನ್ನು ಬೇರೆಬೇರೆ ಹೊತ್ತಿಗೆ ಕರೆಸಿಕೊಳ್ಳಿ ಅಂತ. 2019ರಲ್ಲಿ ಟೋಕಿಯೊ ಮೆಟ್ರೋದವರು ಬೇಗ ಬಂದವರಿಗೆ ಪುಕ್ಕಟೆ ನೂಡಲ್ಸ್ ಕೊಡುತ್ತೇವೆ ಅಂದರು. ಇಷ್ಟಾದರೂ ಆ ವರ್ಷ ಟೋಕಿಯೊ ರೈಲುಗಳ ದಟ್ಟಣೆ ಸರಾಸರಿ ಶೇ 163. ಮರುವರ್ಷ ಕೋವಿಡ್ ಬಂದು ಕಂಪನಿಗಳೇ ಬಾಗಿಲು ಹಾಕಿಕೊಂಡಾಗ ಅದು ಶೇ 107ಕ್ಕೆ ಇಳಿಯಿತು. ಹೊತ್ತು ಕಂಪನಿಯ ಕೈಯಲ್ಲಿದೆ, ರೈಲು ಹತ್ತುವವನ ಕೈಯಲ್ಲಿ ಇಲ್ಲ. ಅವನಿಗೆ ಎಷ್ಟು ನೂಡಲ್ಸ್ ಕೊಟ್ಟರೇನು?

ಸಿಂಗಪುರದವರು ಸ್ವಲ್ಪ ಜಾಣರು. 2013ರ ಜೂನ್‌ನಿಂದ, ನಗರದ ನಡುವಿನ 16 ನಿಲ್ದಾಣಗಳಲ್ಲಿ ಬೆಳಿಗ್ಗೆ 7:45ರ ಒಳಗೆ ಇಳಿದವರಿಗೆ ರೈಲು ಪುಕ್ಕಟೆ ಮಾಡಿದರು. ಹೊತ್ತು ಬದಲಿಸಿದವರು ನೂರಕ್ಕೆ ಏಳೆಂಟು ಜನ. ಕಡಿಮೆ ಅನಿಸುತ್ತದೆಯೇ? ಎಂಬತ್ತು ಜನ ತುಂಬಿದ ಬಸ್ಸಿನಿಂದ ಆರು ಜನ ಇಳಿದರೆ ಮೆಟ್ಟಿಲ ಮೇಲಿನವರು ಒಳಗೆ ಬರುತ್ತಾರೆ, ಬಾಗಿಲು ಮುಚ್ಚುತ್ತದೆ. ಗುಂಪಿನ ಗಣಿತವೇ ಹಾಗೆ, ಕೊನೆಯ ಆರು ಜನರದ್ದೇ ಎಲ್ಲಾ ತ್ರಾಸು.

ಇನ್ನು ನಮ್ಮ ದೇಶದ್ದೇ ಉದಾಹರಣೆ ಬೇಕೆಂದರೆ ಮುಂಬೈ. 2023ರ ನವೆಂಬರ್‌ನಲ್ಲಿ ಮಧ್ಯ ರೈಲ್ವೆಯ ಮುಂಬೈ ವಿಭಾಗ ತನ್ನ ಕಚೇರಿಯ ನೌಕರರಿಗೆ ಎರಡು ಹೊತ್ತು ಕೊಟ್ಟಿತು. ಬೆಳಿಗ್ಗೆ 9:30ರಿಂದ ಸಂಜೆ 5:45, ಅಥವಾ 11:30ರಿಂದ 7:45. ಬೇಕಾದ್ದನ್ನು ಆರಿಸಿಕೊಳ್ಳಿ. ಬೇರೆಯವರಿಗೆ ಪತ್ರ ಬರೆಯುವ ಮೊದಲು ತನ್ನ ಮನೆಯಿಂದ ಶುರು ಮಾಡಿತಲ್ಲ, ಅದು ದೊಡ್ಡ ಮಾತು. ದೆಹಲಿಯಲ್ಲಿ 2024ರ ನವೆಂಬರ್‌ನಲ್ಲಿ ಹೊಗೆ ಹೆಚ್ಚಾದಾಗ ಪಾಲಿಕೆಗೆ 8:30, ಕೇಂದ್ರ ಸರ್ಕಾರಿ ಕಚೇರಿಗಳಿಗೆ 9, ದೆಹಲಿ ಸರ್ಕಾರದ ಕಚೇರಿಗಳಿಗೆ 10 ಅಂತ ಮೂರು ಹೊತ್ತು ಮಾಡಿದರು. ಅಲ್ಲಿ ಹೊಗೆಗೆ ಗಡಿಯಾರ ಬಗ್ಗಿತು, ಇಲ್ಲಿ ಬಿಸಿಲಿಗೆ ಬಗ್ಗುತ್ತದೆ.

ಹಾಗಾಗಿ ನನ್ನ ವಾದ ಇಷ್ಟೇ. ಹತ್ತು ಗಂಟೆಯನ್ನು ಓದುವ ಹುಡುಗರಿಗೆ ಬಿಟ್ಟುಕೊಡಿ. ಅವರನ್ನು ಮುಟ್ಟಬೇಡಿ. ಹಳ್ಳಿಯಿಂದ ಬರುವ ಹುಡುಗಿಯನ್ನು ಎಂಟಕ್ಕೆ ಕರೆದರೆ ಅವಳು ಐದೂವರೆಗೆ ಬಸ್ಸು ಹುಡುಕಬೇಕು. ಹನ್ನೊಂದಕ್ಕೆ ಕರೆದರೆ ಡಿಸೆಂಬರ್‌ನಲ್ಲಿ ಮನೆ ಮುಟ್ಟುವಾಗ ಕತ್ತಲು, ಮತ್ತೆ ಅಕ್ಕನ ಫೋನ್. ಅವಳ ಹೊತ್ತಿಗೆ ಎರಡೂ ಕಡೆ ಗೋಡೆ ಇದೆ. ಗೋಡೆ ಇಲ್ಲದವರು ಊರೊಳಗೆ ಮನೆ ಇರುವವರು, ಸ್ಕೂಟರ್ ಇರುವವರು, ಸಂಬಳ ಇರುವವರು. ಅವರು ಸರಿಯಲಿ. ಸರ್ಕಾರಿ ಕಚೇರಿಗಳ ಅರ್ಧ ಸಿಬ್ಬಂದಿ ಒಂಬತ್ತಕ್ಕೆ ಬಂದು ನಾಲ್ಕೂವರೆಗೆ ಹೋಗಲಿ. ಇನ್ನರ್ಧ ಹನ್ನೊಂದಕ್ಕೆ ಬಂದು ಆರೂವರೆಗೆ ಹೋಗಲಿ. ಈಗಿನ 10ರಿಂದ 5:30ರ ಏಳೂವರೆ ತಾಸೇ, ಒಂದು ನಿಮಿಷ ಹೆಚ್ಚಿಲ್ಲ, ಕಡಿಮೆಯಿಲ್ಲ. ಪಹಣಿಗೆ, ಪಿಂಚಣಿಗೆ ಹಳ್ಳಿಯಿಂದ ಬಂದ ಮುದುಕನಿಗೆ ಕೌಂಟರ್ ಎರಡು ತಾಸು ಹೆಚ್ಚು ತೆರೆದಿರುತ್ತದೆ, ಅದೊಂದು ಲಾಭ. ವಿಶ್ವವಿದ್ಯಾಲಯದ ಆಡಳಿತ ವಿಭಾಗ, ಬ್ಯಾಂಕಿನ ಒಳಗಿನ ಕೆಲಸದವರು, ಕೋಚಿಂಗ್ ಸೆಂಟರುಗಳು, ಇವರೂ ಇದೇ ರೀತಿ. ಆಸ್ಪತ್ರೆಯ ಹೊರರೋಗಿ ವಿಭಾಗವನ್ನು ಮಾತ್ರ ಕೈಬಿಡಿ. ರೋಗಿ ಬರುವುದು ಊರಿನ ಮೊದಲ ಬಸ್ಸಿಗೆ, ಅವನನ್ನು ಕಾಯಿಸಬಾರದು.

"ಸಂಜೆ ನಾಲ್ಕೂವರೆಗೆ ಹುಡುಗರೂ ನೌಕರರೂ ಬೆರೆತು ಮತ್ತೆ ಅದೇ ಕಥೆ ಆಗಲ್ವಾ?" ಸ್ವಲ್ಪ ಬೆರೆಯುತ್ತಾರೆ. ಆದರೆ ಅರ್ಧ ಜನ ಮಾತ್ರ. ಮೇಲಾಗಿ ಸಂಜೆ ಯಾರಿಗೂ ಹಾಜರಿ ಪುಸ್ತಕ ಕಾದಿರುವುದಿಲ್ಲ. ಒಬ್ಬ ಚಹಾಕ್ಕೆ ನಿಲ್ಲುತ್ತಾನೆ, ಒಬ್ಬಳು ಕಾಯಿಪಲ್ಲೆಗೆ ಹೋಗುತ್ತಾಳೆ, ಗುಂಪು ತಾನೇ ಚೆದುರುತ್ತದೆ. "ನೌಕರರು ಒಂಬತ್ತಕ್ಕೆ ಬರಂಗಿಲ್ರೀ" ಅಂತ ಒಬ್ಬ ತಹಶೀಲ್ದಾರ್ ಕಚೇರಿಯ ಪರಿಚಯಸ್ಥರು ಅಂದರು. ಏಪ್ರಿಲ್‌ನಲ್ಲಿ ಎಂಟಕ್ಕೆ ಬರ್ತೀರಲ್ರೀ ಅಂದೆ. ನಕ್ಕರು. ಇನ್ನೊಬ್ಬರ ಪ್ರಕಾರ ನಮ್ಮ ಕಚೇರಿಗಳಲ್ಲಿ ಈ ಸುಧಾರಣೆ ಎಂದೋ ಜಾರಿಯಾಗಿದೆ, ಪ್ರತಿಯೊಬ್ಬರೂ ತಮ್ಮ ಮನಸ್ಸಿಗೆ ಬಂದ ಹೊತ್ತಿಗೆ ಬರುತ್ತಾರೆ, ಆದೇಶವೊಂದೇ ಬಾಕಿ.

ಒಂದು ಎಚ್ಚರಿಕೆಯನ್ನು ನನ್ನ ಕಸುಬಿನವರಿಗೇ ಹೇಳಬೇಕು, ಯಾಕೆಂದರೆ ಇದನ್ನು ಓದುವವರಲ್ಲಿ ಅರ್ಧ ಜನ ಲ್ಯಾಪ್‌ಟಾಪ್ ಬ್ಯಾಗಿನವರು. ಹೊತ್ತನ್ನು ಸರಿಸುವುದು ಬೇರೆ, ಎಳೆಯುವುದು ಬೇರೆ. ಕರ್ನಾಟಕ 2023ರಲ್ಲಿ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ತಂದು ದಿನಕ್ಕೆ 12 ತಾಸಿನ ದುಡಿಮೆಗೆ ದಾರಿ ಮಾಡಿತು. 2024ರಲ್ಲಿ ಐಟಿಯವರನ್ನು 14 ತಾಸಿನವರೆಗೆ ದುಡಿಸುವ ಪ್ರಸ್ತಾಪ ಬಂದು ಗಲಾಟೆಯಾಯಿತು. 'ಫ್ಲೆಕ್ಸಿಬಲ್ ಟೈಮಿಂಗ್' ಎಂದು ಮೇಲ್ ಬಂದ ದಿನ ನಾವೆಲ್ಲ ಖುಷಿಪಟ್ಟು, ಆರು ತಿಂಗಳಾದ ಮೇಲೆ ನೋಡಿದರೆ ಬೆಳಿಗ್ಗೆ ಒಂಬತ್ತಕ್ಕೂ ನಾವೇ, ರಾತ್ರಿ ಒಂಬತ್ತಕ್ಕೂ ನಾವೇ. ಬಗ್ಗಿದ್ದು ಗಡಿಯಾರವಲ್ಲ, ನಮ್ಮ ಬೆನ್ನು. ಆದ್ದರಿಂದ ಬರುವ ಹೊತ್ತನ್ನು ಬರೆಯುವ ಆದೇಶದಲ್ಲೇ ಹೋಗುವ ಹೊತ್ತನ್ನೂ ಬರೆಯಬೇಕು. ಹಾಗೆಯೇ ಬೆಳಿಗ್ಗೆ ಹತ್ತಕ್ಕೆ ಸರಿಯಾಗಿ ಸ್ಟ್ಯಾಂಡಪ್ ಮೀಟಿಂಗ್ ಇಟ್ಟು, ಇಡೀ ತಂಡವನ್ನು ಒಂಬತ್ತೂವರೆಯ ರಸ್ತೆಗೆ ಇಳಿಸುವ ಟೀಮ್ ಲೀಡ್ ನೀವಾಗಿದ್ದರೆ, ಅದನ್ನು ಹನ್ನೊಂದೂವರೆಗೆ ಹಾಕಲು ಯಾವ ಸರ್ಕಾರದ ಆದೇಶವೂ ಬೇಕಿಲ್ಲ. ಕ್ಯಾಲೆಂಡರ್‌ನಲ್ಲಿ ಎಳೆದು ಬಿಟ್ಟರೆ ಆಯಿತು.

ಕಲಬುರಗಿಗೆ ಬೇರೆ ಊರುಗಳಿಗಿಲ್ಲದ ಒಂದು ಅನುಕೂಲವೂ ಇದೆ. ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮದ ಕೇಂದ್ರ ಕಚೇರಿ ಇದೇ ಊರಿನಲ್ಲಿದೆ. ವಿಭಾಗದ ಪ್ರಾದೇಶಿಕ ಆಯುಕ್ತರು ಇಲ್ಲೇ, ಜಿಲ್ಲಾಧಿಕಾರಿ ಇಲ್ಲೇ, ಕುಲಪತಿ ಇಲ್ಲೇ. ಬಸ್ಸಿನ ವೇಳಾಪಟ್ಟಿ ಮಾಡುವವರೂ ಕಚೇರಿಯ ವೇಳೆ ನೋಡಿಕೊಳ್ಳುವವರೂ ಒಂದೇ ಮೇಜಿನ ಸುತ್ತ ಕೂರಲು ಯಾರೂ ರೈಲು ಹತ್ತಬೇಕಾಗಿಲ್ಲ.

ದಿನವೂ ಗೊತ್ತಾಗಿದೆ. ಬೇಸಿಗೆ ಆದೇಶ ಮೇ 31ಕ್ಕೆ ಮುಗಿಯುತ್ತದೆ. ಶಾಲೆ ಕಾಲೇಜು ತೆರೆಯುವುದೂ ಅದೇ ಸುಮಾರಿಗೆ. ಜೂನ್ 1ರ ಬೆಳಿಗ್ಗೆ ಕಚೇರಿಗಳ ಗಡಿಯಾರವನ್ನು ಹೇಗಿದ್ದರೂ ಮುಟ್ಟಲೇಬೇಕು. ಎಂಟರಿಂದ ಇಡೀ ಕಚೇರಿ ಒಟ್ಟಿಗೆ ಹತ್ತಕ್ಕೆ ಜಿಗಿಯುವ ಬದಲು, ಅರ್ಧ ಜನ ಒಂಬತ್ತಕ್ಕೆ ನಿಲ್ಲಲಿ, ಇನ್ನರ್ಧ ಹನ್ನೊಂದಕ್ಕೆ ಹೋಗಲಿ. ಮೊದಲ ವರ್ಷ ಸೇಡಂ ರಸ್ತೆಯ ಕಚೇರಿಗಳಿಗಷ್ಟೇ ಮಾಡಿ, ದಸರಾ ರಜೆಯವರೆಗೆ ನೋಡಿ. ಆಗದಿದ್ದರೆ ಮತ್ತೆ ಹತ್ತಕ್ಕೇ ಹೋಗಲು ಇನ್ನೊಂದು ಹಾಳೆ, ಇನ್ನೊಂದು ಸೀಲು ಸಾಕು.